ಕರುಳಿನ ಉರಿಯೂತ: ಸೂಜಿ ಚುಚ್ಚಿಸಿಕೊಳ್ಳಿ, ಮಾತ್ರೆ ಬಿಡಬೇಡಿ

ಊರಿನಿಂದ ತಂದ ಮೆಸಲಮೈನ್ ಮಾತ್ರೆ ಮುಗಿಯುತ್ತ ಬಂದಿರುತ್ತದೆ, ಇಲ್ಲಿನ ವಿಮೆ ಇನ್ನೂ ಶುರುವಾಗಿರುವುದಿಲ್ಲ, ಹೊಟ್ಟೆನೋವು ಮತ್ತೆ ಕಾಡತೊಡಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇಟ್ಟುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ ಇದು ತೀರ ಕಷ್ಟದ ಹೊತ್ತು. ಆಗ ಪಕ್ಕದ ಬೀದಿಯ ಅಕ್ಯುಪಂಕ್ಚರ್ ಬೋರ್ಡು ಕಣ್ಣಿಗೆ ಬೀಳುತ್ತದೆ. ಹೋಗಬೇಡಿ ಎನ್ನುವುದಿಲ್ಲ. ಅದನ್ನು ನಂಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರಂತೂ ಥಟ್ಟನೆ ಬಿಡುವುದೇ ಅಪಾಯ.

ಜರ್ಮನಿಯಲ್ಲಿ 51 ಕ್ರೋನ್ಸ್ ರೋಗಿಗಳ ಮೇಲೆ ನಡೆದ ಅಕ್ಯುಪಂಕ್ಚರ್ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸೂಜಿಯ ಜೊತೆಗೆ, ನಾವು ಗಣೇಶನಿಗೆ ಏರಿಸುವ ಮಾಚಿಪತ್ರೆಯ ಜಾತಿಯ ಒಣಸೊಪ್ಪನ್ನು ಉರಿಸಿ ಶಾಖ ಕೊಡುವ ಮಾಕ್ಸಿಬಶನ್ ಕೂಡ ಅದರಲ್ಲಿತ್ತು. ಕಾಯಿಲೆಯ ತೀವ್ರತೆ ಇಳಿಯಿತು. ಆದರೆ ಅಕ್ಯುಪಂಕ್ಚರ್ ಬಿಂದುಗಳಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಿಗೂ ಒಂದಿಷ್ಟು ಹಿತ ಸಿಕ್ಕಿತ್ತು. ಇಷ್ಟು ಚಿಕ್ಕ ಅಧ್ಯಯನ ನೋಡಿ ಔಷಧಿಯ ಜಾಗದಲ್ಲಿ ಸೂಜಿ ಸಾಕೆನ್ನಲು ನನಗಂತೂ ಧೈರ್ಯವಿಲ್ಲ. ನೋವು ತಗ್ಗಿದರೂ ಒಳಗಿನ ಹುಣ್ಣು ಹಾಗೇ ಇರಬಹುದು. ಅದು ಮಾಯ್ದಿದೆಯೇ ಎಂದು ಹೇಳುವುದು ಕೊಲೊನೋಸ್ಕೋಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ.

ಹೋಗುವುದಾದರೆ ರಾಜ್ಯದ ಅಕ್ಯುಪಂಕ್ಚರ್ ಬೋರ್ಡಿನ ಲೈಸೆನ್ಸ್ ಇರುವವರ ಬಳಿಗೇ ಹೋಗಿ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಮೊದಲೇ ತಿಳಿಸಿ. ಅವರು ಗಿಡಮೂಲಿಕೆ ಪುಡಿ ಕೊಟ್ಟರೆ ನಿಮ್ಮ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಇಲ್ಲಿನ ಅನೇಕ ವಿಮೆಗಳು ಅಕ್ಯುಪಂಕ್ಚರ್ ಖರ್ಚು ಕೊಡುವುದು ವಾಕರಿಕೆಗೆ, ದೀರ್ಘಕಾಲದ ನೋವಿಗೆ; ನಿಮ್ಮದು ಯಾವುದಕ್ಕೆ ಕೊಡುತ್ತದೆಂದು ಫೋನ್ ಮಾಡಿ ಕೇಳಿಕೊಳ್ಳಿ.

ಇನ್ನೂ ಹೊರಡದ ಬಂಧುಗಳಿಗೆ ಇದನ್ನು ಹೇಳಿಬಿಡಿ: ಬಯಾಪ್ಸಿ ವರದಿ, ಕೊಲೊನೋಸ್ಕೋಪಿ ಚಿತ್ರಗಳು ಕೈಚೀಲದಲ್ಲೇ ಇರಲಿ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಭಾರತದಿಂದ ಬಂದವರ ವಿಷಯದಲ್ಲಿ ಇಲ್ಲಿನ ವೈದ್ಯರು ಕ್ಷಯವಲ್ಲವೇ ಎಂದು ಕೇಳಿಯೇ ಕೇಳುತ್ತಾರೆ. ಇನ್‌ಫ್ಲಿಕ್ಸಿಮ್ಯಾಬ್ ಶುರುಮಾಡುವ ಮುನ್ನವೂ ಕ್ಷಯದ ಪರೀಕ್ಷೆ ಆಗಬೇಕು. ಮಾತ್ರೆಯನ್ನು ಡಾಕ್ಟರ ಚೀಟಿಯೊಂದಿಗೇ ತರಲಿ.

ವಿಮೆ ಬರುವವರೆಗೆ, ಆದಾಯ ನೋಡಿ ಶುಲ್ಕ ಹಾಕುವ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ಮಾತ್ರೆ ಬರೆಸಿಕೊಳ್ಳಬಹುದು. ಮಲದಲ್ಲಿ ರಕ್ತ ಹೆಚ್ಚಾದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ಖರ್ಚಿನ ಲೆಕ್ಕ ಹಾಕುತ್ತ ಕೂರದೆ ನೇರ ಎಮರ್ಜೆನ್ಸಿಗೆ ಹೋಗಿ. ಹೋಗಲಾಗದಿದ್ದರೆ 911ಕ್ಕೆ ಕರೆ ಮಾಡಿ.