ಆತುರಶಾಲೆಯಲ್ಲಿ ನಾದೋಪಚಾರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಎಂಬತ್ತರ ಹರೆಯ ದಾಟಿದ ಅಜ್ಜಿಯರ ಮುಂಗೈಗಳ ಮೇಲೆ ಇಂದಿಗೂ ಹಸಿರು ಹಚ್ಚೆಯ ಗುರುತುಗಳು ಕಾಣಸಿಗುತ್ತವೆ. ಚೇಳು, ತೊಟ್ಟಿಲು, ರಂಗೋಲಿಯ ಚುಕ್ಕಿಗಳು. ಕೆಲವರಿಗೆ ಒಡಹುಟ್ಟಿದವರ ಹೆಸರು. ಆ ಗುರುತುಗಳನ್ನು ಹಾಕುತ್ತಿದ್ದವರು ಊರೂರು ತಿರುಗುವ ಕೊರವಂಜಿಯರು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳನ್ನು ಅದರಲ್ಲಿ ಅದ್ದಿ, ಚರ್ಮವನ್ನು ಚುಚ್ಚುತ್ತ ಹೋಗುವುದು. ಮುಗಿದ ಮೇಲೆ ಅರಿಸಿನ ಬಳಿಯುವುದು. ಕೂತವಳು ಬಹುಮಟ್ಟಿಗೆ ಮದುವೆಯಾಗದ ಬಾಲೆ. ಅರಿವಳಿಕೆಯ ಮದ್ದು ಇಲ್ಲ. ಅಲ್ಲಿದ್ದುದು ಒಂದೇ: ಹಾಡು. ಸೂಜಿ ಆಡುತ್ತಿರುವಷ್ಟು ಹೊತ್ತೂ ಹಚ್ಚೆಯವಳ ಬಾಯಿ ಬಿಡುವಿಲ್ಲದೆ ಹಾಡುತ್ತಿತ್ತು. ತವರಿನ ಮಾತು, ಅಣ್ಣತಮ್ಮಂದಿರ ಹೊಗಳಿಕೆ, ಮುಂದೆ ಬರುವ ಗಂಡನ ಗೇಲಿ, ಇನ್ನೇನು ಮುಗಿಯಿತು ತಾಳಿಕೋ ಎಂಬ ಸಂತೈಕೆ, ಇವೆಲ್ಲವೂ ಆ ಹಾಡಿನಲ್ಲಿ ಸೇರಿರುತ್ತಿದ್ದವು. ಜಾನಪದ ಸಂಗ್ರಾಹಕರು ಇವನ್ನು ಹಚ್ಚೆಯ ಹಾಡುಗಳೆಂದು ಬೇರೆಯಾಗಿಯೇ ವಿಂಗಡಿಸಿರುವುದುಂಟು.

ವಿದ್ವಾಂಸರು ಈ ಹಾಡುಗಳನ್ನು ಸಾಹಿತ್ಯವೆಂದು ಓದಿದರು, ಅದು ಸರಿಯೇ. ಆದರೆ ಅವು ಹುಟ್ಟಿದ್ದು ಸಾಹಿತ್ಯಕ್ಕಾಗಿ ಅಲ್ಲ, ನೋವಿಗಾಗಿ. ಸೂಜಿಯಿಂದ ಮೈಯನ್ನು ಚುಚ್ಚುವ ಒಂದು ಕ್ರಿಯೆ, ಅದನ್ನು ಮಾಡುವ ಕುಶಲೆ, ಅಂಜಿ ಕೂತ ಒಬ್ಬ ಹುಡುಗಿ: ಇಂದಿನ ಆಸ್ಪತ್ರೆಯಲ್ಲಿ ನಡೆಯುವ ಅನೇಕ ಚಿಕಿತ್ಸಾಕ್ರಮಗಳ ಚಿತ್ರವೂ ಇದೇ ತಾನೆ. ಇಂತಹ ಸಮಯದಲ್ಲಿ ಸಂಗೀತವು ರೋಗಿಗೆ ಎಷ್ಟು ನೆರವಾಗಬಲ್ಲುದು, ಎಷ್ಟು ಆಗಲಾರದು ಎಂಬುದು ಪ್ರಕೃತ ವಿಷಯ. ಎಷ್ಟು ಆಗಲಾರದು ಎಂಬುದನ್ನೂ ಒತ್ತಿ ಹೇಳಬೇಕಾಗಿದೆ. ರಾಗದಿಂದ ರೋಗವೇ ಹೋಗುತ್ತದೆಂಬ ಮಾತು ಈಚೆಗೆ ಹೆಚ್ಚು ಕೇಳಿಬರುತ್ತಿದ್ದು, ಅದನ್ನು ನಂಬಿ ಔಷಧವನ್ನು ಕೈಬಿಡುವವರೂ ಇದ್ದಾರೆ.

ಆಯುರ್ವೇದದ ಪ್ರಾಚೀನರು ಈ ವಿವೇಕವನ್ನು ಇಟ್ಟುಕೊಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯಕ್ಕೆ ಉಪಕಲ್ಪನೀಯವೆಂದು ಹೆಸರು. ವಮನ, ವಿರೇಚನಗಳೆಂಬ ಶೋಧನಕರ್ಮಗಳಿಗೆ ಮೊದಲು ವೈದ್ಯನು ಏನೇನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದೇ ಅದರ ವಸ್ತು. ಮೊದಲು ಗಾಳಿ ಹಿತವಾಗಿ ಆಡುವ, ಹೊಗೆ, ಬಿಸಿಲು, ಧೂಳು ತಾಗದ ಮನೆ. ಅನಂತರ ಅಡುಗೆಯವರು, ಸ್ನಾನ ಮಾಡಿಸುವವರು, ಮೈಯೊತ್ತುವವರು, ರೋಗಿಯನ್ನು ಎತ್ತಿ ಕೂರಿಸುವವರು, ಔಷಧ ಅರೆಯುವವರು. ಇವರ ಬೆನ್ನಲ್ಲೇ ಗೀತ, ವಾದ್ಯ, ಶ್ಲೋಕ, ಗಾಥೆ, ಕಥೆ, ಇತಿಹಾಸ, ಪುರಾಣಗಳಲ್ಲಿ ಕುಶಲರಾದವರೂ ಇರಬೇಕೆಂದು ವಿಧಿಸಲಾಗಿದೆ. ಹಾಲು ಕರೆಯುವ ಹಸುವಿನ ಮಾತೂ ಅಲ್ಲಿಯೇ ಬರುತ್ತದೆ. ಗಮನಿಸಬೇಕಾದುದು ಹಾಡುಗಾರನು ಯಾವ ಪಂಕ್ತಿಯಲ್ಲಿದ್ದಾನೆ ಎಂಬುದನ್ನು. ಅವನು ಔಷಧಗಳ ಪಟ್ಟಿಯಲ್ಲಿ ಇಲ್ಲ, ಪರಿಚಾರಕರ ಪಟ್ಟಿಯಲ್ಲಿದ್ದಾನೆ. ಮೈಯೊತ್ತುವವನ ಪಕ್ಕದಲ್ಲಿ ಅವನ ಸ್ಥಾನ. ಸಂಗೀತವು ಚಿಕಿತ್ಸೆಯಲ್ಲ, ಉಪಚಾರ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಸುಶ್ರುತನು ಶಸ್ತ್ರವೈದ್ಯ. ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಊಟ ಮಾಡಿಸಬೇಕು, ಕುಡಿಯುವ ಅಭ್ಯಾಸವುಳ್ಳವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಎಂದು ಅವನು ಹೇಳಿದ್ದು ನೋವು ತಾಳಲೆಂದೇ. ಇಂದಿನ ಅರಿವಳಿಕೆಯ ಶಾಸ್ತ್ರ ಬರಿಯ ಹೊಟ್ಟೆಯನ್ನು ಕೇಳುತ್ತದೆ. ಆ ವಿಧಿ ಇಂದು ಸಲ್ಲದು. ಆದರೆ ಮಗುವಿನ ಕಿವಿ ಚುಚ್ಚುವ ಸಂದರ್ಭದಲ್ಲಿ ಅವನು ಕೊಟ್ಟ ಸೂಚನೆ ಇಂದಿಗೂ ಹೊಸದಾಗಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಟಿಕೆಗಳಿಂದ ಮನಸ್ಸನ್ನು ಸೆಳೆದು, ಸಂತೈಸುತ್ತ ಚುಚ್ಚಬೇಕು ಎಂಬುದು ಅದು. ಚನ್ನಪಟ್ಟಣದವರಿಗೆ ಈ ವಿಧಿಯನ್ನು ವಿವರಿಸುವ ಆವಶ್ಯಕತೆಯಿಲ್ಲ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗಿಲಕಿ ಎಷ್ಟು ತೊಟ್ಟಿಲುಗಳ ಮೇಲೆ ಆಡಿಲ್ಲ! ಲಸಿಕೆ ಹಾಕುವ ದಾದಿಯು ಬಲಗಡೆ ಸೂಜಿ ಹಿಡಿದಾಗ ತಾಯಿ ಎಡಗಡೆ ಗಿಲಕಿ ಆಡಿಸುವುದು ಎಲ್ಲರೂ ಕಂಡ ಸಂಗತಿ. ಮಗು ಅಳುವುದು ಪೂರಾ ತಪ್ಪುವುದಿಲ್ಲ; ಬೇಗ ನಿಲ್ಲುತ್ತದೆ, ಅಷ್ಟೆ. ಆ ಅಷ್ಟೇ ಬಹಳ ದೊಡ್ಡದು.

ಶರಣರ ಪರಂಪರೆಯಲ್ಲಿ ನಾದಕ್ಕೂ ವೈದ್ಯಕ್ಕೂ ಎಡೆಯಿತ್ತು. ಕಿನ್ನರಿ ಬೊಮ್ಮಯ್ಯ ಹೆಸರಿನಲ್ಲಿಯೇ ವಾದ್ಯವನ್ನು ಹೊತ್ತವನು. ವೈದ್ಯ ಸಂಗಣ್ಣ ವೃತ್ತಿಯ ಪರಿಭಾಷೆಯನ್ನು ವಚನಕ್ಕೆ ತಂದವನು. ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯಾಗಿ ಕಲ್ಪಿಸಿದ ವಚನವನ್ನು ತಿಳಿಯದ ವಿದ್ಯಾರ್ಥಿಯಿಲ್ಲ. ಆದರೆ ಇವರಲ್ಲಿ ಯಾರೂ ಹಾಡಿ ರೋಗ ಕಳೆದರೆಂದು ಇಲ್ಲಿ ಹೇಳಹೊರಟಿಲ್ಲ. ಮೈಯೂ ನಾದವೂ ಒಂದಕ್ಕೊಂದು ಹತ್ತಿರವೆಂಬ ಅರಿವು ಈ ನೆಲಕ್ಕೆ ಹೊರಗಿನಿಂದ ಬಂದುದಲ್ಲ ಎಂದಿಷ್ಟೇ.

ಪಾಶ್ಚಾತ್ಯರಲ್ಲಿ ದಾದಿಯ ವೃತ್ತಿಗೆ ಅಡಿಗಲ್ಲು ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ಎಳೆದು ನಿಲ್ಲುವ ನಾದವುಳ್ಳ ಊದುವ ಹಾಗೂ ತಂತಿಯ ವಾದ್ಯಗಳು ರೋಗಿಗೆ ಹಿತವೆಂದೂ, ತುಂಡುತುಂಡಾಗಿ ಬಡಿಯುವ ಪಿಯಾನೊ ಹಿತವಲ್ಲವೆಂದೂ ಅಭಿಪ್ರಾಯಪಟ್ಟಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಶಸ್ತ್ರವೈದ್ಯ ಇವಾನ್ ಓನೀಲ್ ಕೇನ್ 1914ರಲ್ಲಿ ತನ್ನ ಶಸ್ತ್ರಶಾಲೆಯಲ್ಲಿ ಗ್ರಾಮಫೋನ್ ಇರಿಸಿ, ಅರಿವಳಿಕೆಗೆ ಮೊದಲು ರೋಗಿಯ ದಿಗಿಲು ತಗ್ಗುತ್ತದೆಂದು ವೈದ್ಯಪತ್ರಿಕೆಗೆ ಬರೆದ. ಈ ಮಹಾಶಯನೇ 1921ರಲ್ಲಿ ತನ್ನ ಕರುಳುಬಾಲವನ್ನು ತಾನೇ ಕತ್ತರಿಸಿ ತೆಗೆದುಕೊಂಡವನು. ದಿಗಿಲಿನ ವಿಷಯದಲ್ಲಿ ಅವನ ಮಾತಿಗೆ ಬೆಲೆ ಕೊಡಬಹುದು. 1960ರ ಸುಮಾರಿನಲ್ಲಿ ಬಾಸ್ಟನ್ನಿನ ದಂತವೈದ್ಯ ಗಾರ್ಡ್‌ನರ್ ಮತ್ತು ಧ್ವನಿಶಾಸ್ತ್ರಜ್ಞ ಲಿಕ್‌ಲೈಡರ್ ರೋಗಿಯ ಕಿವಿಗೆ ಶ್ರವಣಸಾಧನ ತೊಡಿಸಿ, ಸಂಗೀತವನ್ನೂ ಜಲಪಾತದಂಥ ಮೊರೆತವನ್ನೂ ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಅವನ ಕೈಗೇ ಕೊಟ್ಟರು. ಅನೇಕರಿಗೆ ಹಲ್ಲಿನ ಕೆಲಸ ಮದ್ದಿಲ್ಲದೆ ನಡೆಯಿತೆಂದು ವರದಿಯಾಯಿತು. ಮುಂದಿನ ಪರೀಕ್ಷೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ, ಉತ್ಸಾಹ ಇಳಿಯಿತು. ಗುಂಡಿ ರೋಗಿಯ ಕೈಯಲ್ಲಿ ಇದ್ದುದು ಮಾತ್ರ ಮರೆಯತಕ್ಕ ಸಂಗತಿಯಲ್ಲ.

ನಾದವು ನೋವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ಮಂಡಿಸಿದ ದ್ವಾರನಿಯಂತ್ರಣ ಸಿದ್ಧಾಂತವು ಇದಕ್ಕೊಂದು ದಾರಿ ತೋರಿತು. ಗಾಯದಿಂದ ಹೊರಟ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ನೇರವಾಗಿ ತಲಪುವುದಿಲ್ಲ, ನಡುವೆ ಬಾಗಿಲೊಂದಿದೆ, ಮಿದುಳಿನಿಂದ ಕೆಳಗಿಳಿದು ಬರುವ ಅಪ್ಪಣೆಗಳೂ ಆ ಬಾಗಿಲನ್ನು ತೆರೆಯಬಲ್ಲವು, ಓರೆಮಾಡಬಲ್ಲವು. ಭಯವಾದಾಗ, ಗಮನವೆಲ್ಲ ಗಾಯದ ಮೇಲೆ ನಿಂತಾಗ ಬಾಗಿಲು ಅಗಲವಾಗುತ್ತದೆ. ಗಮನ ಬೇರೆಡೆ ಹರಿದಾಗ ಕಿರಿದಾಗುತ್ತದೆ. ಆ ಸಿದ್ಧಾಂತದ ವಿವರಗಳು ಅನಂತರ ತಿದ್ದುಪಡಿ ಹೊಂದಿದರೂ ಮನಸ್ಸು ನೋವನ್ನು ಏರಿಳಿಸುತ್ತದೆಂಬ ತಿರುಳು ಉಳಿದಿದೆ. ಗಾಯ ಒಂದೇ; ನೋವು ಒಂದೇ ಅಲ್ಲ. ಹಚ್ಚೆಯವಳಿಗೆ ಬೆನ್ನುಹುರಿಯ ಸುದ್ದಿ ತಿಳಿದಿರಲಿಲ್ಲ, ಬಾಗಿಲಿನ ಗುಟ್ಟು ತಿಳಿದಿತ್ತು.

ಅನುಭವದ ಮಾತಿಗೆ ತೂಕದ ಪ್ರಮಾಣ ದೊರೆತದ್ದು ಈಚೆಗೆ. ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಕೆಲವರಿಗೆ ಸಂಗೀತ ಕೇಳಿಸಿ, ಕೆಲವರಿಗೆ ಕೇಳಿಸದೆ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ನಡೆಸಿದ 73 ಪರೀಕ್ಷೆಗಳನ್ನು, ಅಂದರೆ ಏಳು ಸಾವಿರಕ್ಕೆ ಸಮೀಪದ ರೋಗಿಗಳ ವೃತ್ತಾಂತವನ್ನು, ಒಟ್ಟುಗೂಡಿಸಿದ ಸಮೀಕ್ಷೆಯೊಂದು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಗೀತ ಕೇಳಿದವರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ನೋವು ಕಡಿಮೆ, ಆತಂಕ ಕಡಿಮೆ, ನೋವಿನ ಮಾತ್ರೆಗಳ ಬಳಕೆಯೂ ಕಡಿಮೆ. ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಪೂರ್ಣ ಅರಿವಳಿಕೆಯಲ್ಲಿ ಮಲಗಿದವರಿಗೂ ಒಂದಿಷ್ಟು ಗುಣ ಕಂಡುಬಂದುದು ವಿಸ್ಮಯದ ವಿಷಯ. ಸಂಗೀತವನ್ನು ಆರಿಸಿದವರು ಯಾರು, ಶಸ್ತ್ರಕ್ಕೆ ಮೊದಲು ಕೇಳಿಸಿದರೋ ನಡುವೆಯೋ ಅನಂತರವೋ ಎಂಬುದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ.

ಈ ಕಡೆಯ ಮಾತು ನಮ್ಮ ರಾಗಚಿಕಿತ್ಸಕರು ನಿಂತು ಯೋಚಿಸಬೇಕಾದುದು. ಇಂಥ ರೋಗಕ್ಕೆ ಇಂಥ ರಾಗ ಎಂಬ ಕೋಷ್ಟಕಗಳು ಅಂಗಡಿಯಲ್ಲಿ ಸಿಗುವ ಕಿರುಪುಸ್ತಕಗಳಲ್ಲಿ ಧಾರಾಳವಾಗಿವೆ. ಆನಂದಭೈರವಿಯನ್ನು ಕೇಳಿಸಿದ ಶಸ್ತ್ರರೋಗಿಗಳಿಗೆ ನೋವಿನ ಔಷಧ ಕಡಿಮೆ ಸಾಕಾಯಿತೆಂಬ ಭಾರತೀಯ ಅಧ್ಯಯನವೊಂದು 2014ರಲ್ಲಿ ಬಂದದ್ದು ನಿಜ, ಸಂತೋಷದ ಸಂಗತಿಯೂ ಹೌದು. ಆದರೆ ರಾಗ ಕೇಳಿದವರನ್ನು ಏನೂ ಕೇಳದವರೊಡನೆ ಹೋಲಿಸಿದರೆ ಸಂಗೀತದ ಗುಣ ತಿಳಿಯುತ್ತದೆಯೇ ಹೊರತು ಆ ರಾಗದ್ದೇ ಗುಣ ಎಂದು ತಿಳಿಯುವುದಿಲ್ಲ. ಅದಕ್ಕೆ ಆನಂದಭೈರವಿಯನ್ನು ಕಲ್ಯಾಣಿಯೊಡನೆ, ಮೋಹನದೊಡನೆ, ಕಡೆಗೆ ಒಂದು ಸಿನಿಮಾ ಹಾಡಿನೊಡನೆಯೂ ತೂಗಿ ನೋಡಬೇಕಾಗುತ್ತದೆ. ಆನಂದಭೈರವಿ, ನೀಲಾಂಬರಿಗಳಿಗೆ ಜೋಗುಳದ ನಂಟಿರುವುದು ಎಲ್ಲರೂ ಬಲ್ಲ ವಿಷಯ. ನಿಧಾನದ ನಡೆ, ಬಿರುಸಿಲ್ಲದ ಗಮಕ, ಎಳವೆಯ ನೆನಪು ಇವು ಸೇರಿ ಮನಸ್ಸನ್ನು ತಣಿಸುತ್ತವೆ ಎಂದರೆ ಸಾಕು. ಸ್ವರಸ್ಥಾನಕ್ಕೆ ಔಷಧದ ಪಟ್ಟ ಕಟ್ಟುವುದರಿಂದ ರಾಗದ ಗೌರವ ಹೆಚ್ಚುವುದಿಲ್ಲ.

ರೋಗಿಯು ಕೇಳುವುದಲ್ಲದೆ ತಾನೇ ಹೇಳಿಕೊಳ್ಳುವುದೂ ಒಂದುಂಟು. 2001ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬಂದ ಬರ್ನಾರ್ಡಿ ಮತ್ತಿತರರ ಲೇಖನವು, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನಾಗಲಿ ಬೌದ್ಧರ ಮಂತ್ರವನ್ನಾಗಲಿ ಪಠಿಸುವಾಗ ಉಸಿರು ನಿಮಿಷಕ್ಕೆ ಸುಮಾರು ಆರರಷ್ಟಕ್ಕೆ ಇಳಿಯುವುದನ್ನೂ, ಅದರೊಡನೆ ಹೃದಯದ ಲಯ ಹೊಂದಿಕೊಳ್ಳುವುದನ್ನೂ ಅಳೆದು ತೋರಿಸಿತು. ಪಂಚಾಕ್ಷರಿಯನ್ನು ಅವರು ಪರೀಕ್ಷಿಸಲಿಲ್ಲ. ಆದರೂ ನಿಧಾನವಾಗಿ ಎಳೆದು ಹೇಳುವ ಯಾವ ಜಪಕ್ಕೂ ಉಸಿರಿನ ನಿಯಮ ಒಂದೇ ಆಗಿರಬೇಕು. ಮಠದ ಪ್ರಸಾದನಿಲಯಗಳಲ್ಲಿ ಬೆಳೆದು ಸಂಜೆಯ ಸಾಮೂಹಿಕ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿದವರಿಗೆ ಈ ಸಾಧನ ಕೈಯಳತೆಯಲ್ಲಿಯೇ ಇದೆ. ಹಲ್ಲು ಕೀಳಿಸುವಾಗ ಬಾಯಿ ತೆರೆದಿರುವುದರಿಂದ ಮನಸ್ಸಿನಲ್ಲಿಯೇ ಹೇಳಿಕೊಳ್ಳಬೇಕಾದೀತು.

ಸಂಗೀತ ಶಸ್ತ್ರಶಾಲೆಗೆ ಬಂದುದೆಲ್ಲ ನೋವಿಗಾಗಿ ಅಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. 2017ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕರೊಬ್ಬರು ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಂತೆ ವಾದ್ಯ ನುಡಿಸಿದ ಸುದ್ದಿ ದೇಶವೆಲ್ಲ ಹರಡಿತು. ಬೆರಳುಗಳು ಸೆಡೆತುಕೊಳ್ಳುವ ಕಾಯಿಲೆ ಅವರದು. ಮಿದುಳಿನ ಯಾವ ಬಿಂದುವನ್ನು ಮುಟ್ಟಿದರೆ ಬೆರಳು ಸಡಿಲವಾಗುತ್ತದೆಂದು ವೈದ್ಯರು ತಿಳಿಯಲು ನುಡಿಸಾಣಿಕೆ ಬೇಕಾಗಿತ್ತು. ಅಲ್ಲಿ ನಾದ ವೈದ್ಯರಿಗೆ ಕೈದೀವಿಗೆ, ರೋಗಿಗೆ ಸಾಂತ್ವನವಲ್ಲ. ಇಂತಹ ಸುದ್ದಿಗಳನ್ನು ಸಂಗೀತದ ಪವಾಡವೆಂದು ಹೇಳುವುದು ವೈದ್ಯರಿಗೂ ವಾದಕರಿಗೂ ಅನ್ಯಾಯ.

ನಿಜವಾಗಿ ನಾದೋಪಚಾರ ಬೇಕಾದುದು ಪವಾಡದ ಜಾಗಗಳಲ್ಲಿ ಅಲ್ಲ, ದಿನದಿನದ ಸಣ್ಣ ಕೆಲಸಗಳಲ್ಲಿ. ಮಠಗಳೂ ದಾನಿಗಳೂ ನಡೆಸುವ ನೇತ್ರಶಿಬಿರಗಳಿಂದ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗುವ ಹಳ್ಳಿಯ ವೃದ್ಧರಿಗೆ ಸಾಮಾನ್ಯವಾಗಿ ಕಣ್ಣಷ್ಟಕ್ಕೇ ಅರಿವಳಿಕೆ, ಮನಸ್ಸು ಎಚ್ಚರವಾಗಿರುತ್ತದೆ. ಮುಖದ ಮೇಲೆ ಬಟ್ಟೆ, ಉಪಕರಣಗಳ ಕಿಣಿಕಿಣಿ, ತಿಳಿಯದ ಭಾಷೆಯ ಮಾತು. ಸುಟ್ಟ ಗಾಯದ ಪಟ್ಟಿ ಬದಲಿಸುವಾಗ, ಸೊಂಟದಿಂದ ಕೆಳಕ್ಕೆ ಮರಗಟ್ಟಿಸಿ ಹೆರಿಗೆಯ ಶಸ್ತ್ರ ಮಾಡುವಾಗ, ಸುರಂಗದಂಥ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಯುವಾಗ ಇದೇ ಸ್ಥಿತಿ. ಇಲ್ಲಿ ವಾರ್ಡಿಗೆಲ್ಲ ಒಂದು ಧ್ವನಿವರ್ಧಕ ಹಾಕುವುದು ಉಪಚಾರವಾಗದು, ಒಬ್ಬರ ಹಾಡು ಇನ್ನೊಬ್ಬರಿಗೆ ಗಲಾಟೆ. ಒಬ್ಬೊಬ್ಬರಿಗೂ ಬೇರೆಯಾಗಿ, ಒರಸಿ ಶುದ್ಧಗೊಳಿಸಿದ ಶ್ರವಣಸಾಧನ ಬೇಕು. ದನಿ ಮೆಲ್ಲಗಿರಬೇಕು, ವೈದ್ಯರು ಕರೆದರೆ ರೋಗಿಗೆ ಕೇಳಿಸಬೇಕು. ಯಂತ್ರದ ಕೋಣೆಗೆ ಅಲ್ಲಿಯದೇ ಸಾಧನ, ಲೋಹದ ವಸ್ತು ಒಳಗೆ ಒಯ್ಯುವಂತಿಲ್ಲ. ಬೇಡವೆಂದವರಿಗೆ ಒತ್ತಾಯ ಮಾಡಬಾರದು.

ಏನನ್ನು ಕೇಳಿಸಬೇಕೆಂದು ಕೇಳಿದರೆ, ರೋಗಿಯನ್ನೇ ಕೇಳಬೇಕು. ಸಮೀಕ್ಷೆಯ ಲೆಕ್ಕದಲ್ಲಿ ಆಯ್ಕೆಯಿಂದ ಹೆಚ್ಚಿನ ಲಾಭ ಕಾಣದಿದ್ದರೂ ನಷ್ಟವಂತೂ ಇಲ್ಲ; ಬಟ್ಟೆ ಬಿಚ್ಚಿಸಿ, ಆಸ್ಪತ್ರೆಯ ಅಂಗಿ ತೊಡಿಸಿ, ಹೆಸರಿನ ಬದಲು ಹಾಸಿಗೆಯ ಸಂಖ್ಯೆ ಹಿಡಿದು ಕರೆಯುವ ಜಾಗದಲ್ಲಿ ಅವರ ಇಷ್ಟವನ್ನು ಕೇಳುವ ಒಂದು ಪ್ರಶ್ನೆಯಾದರೂ ಇರಲಿ. ಕನಕಪುರದ ಕಡೆಯ ಅಜ್ಜಿಗೆ ಸೋಬಾನೆಯೋ ರಾಗಿ ಬೀಸುವ ಪದವೋ ಬೇಕೆನಿಸಬಹುದು, ಅವರ ಮೊಮ್ಮಗನಿಗೆ ಸಿನಿಮಾ ಹಾಡು. ಸೋಬಾನೆಗೆ ಹುಡುಕಾಡಬೇಕಾಗಿಯೂ ಇಲ್ಲ. ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಜಾನಪದ ಲೋಕ ರಾಮನಗರದ ಬಳಿ ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ಜನಪದ ಗಾಯಕರ ಧ್ವನಿಗಳು ಅಲ್ಲಿ ಸಂಗ್ರಹವಾಗಿವೆ. ಕಿವಿ ಮಂದವಾದ ಹಿರಿಯರಿಗೆ ಇದಾವುದೂ ಪ್ರಯೋಜನಕ್ಕೆ ಬಾರದು. ಅಂಥವರ ಕೈಯನ್ನು ಕೆಲಸ ಮುಗಿಯುವವರೆಗೆ ಹಿಡಿದುಕೊಂಡಿರಲು ಒಬ್ಬ ದಾದಿಯನ್ನು ಗೊತ್ತುಮಾಡಬೇಕಾಗುತ್ತದೆ.