ಡೇರಿಗೆ ಹೊಸ ಸ್ಕೂಟರ್: ಕ್ಯಾನು, ಬ್ರೇಕು, ಹೆಲ್ಮೆಟ್ಟು



ಪಶುವೈದ್ಯರ ಪುಟ ಎಂದರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ. ಈ ಸಲ ಹಸುವನ್ನು ಪಕ್ಕಕ್ಕಿಟ್ಟು ನಿಮ್ಮ ಬಗ್ಗೆಯೇ ಬರೆಯುತ್ತಿದ್ದೇನೆ. ಹಾಲು ಹಾಕಲು ಸ್ಕೂಟರ್‌ನಲ್ಲಿ ಬರುವ ಹೆಣ್ಣುಮಕ್ಕಳು ಈಗ ಎಲ್ಲ ಕಡೆ ಕಾಣುತ್ತಾರೆ. ನೋಡಲು ಸಂತೋಷ. ಆದರೆ ಒಂದು ಲೆಕ್ಕ ಹಾಕಿ: ಬೆಳಗ್ಗೆ ಸಂಜೆ ಹೋಗಿ ಬರುವುದು ಸೇರಿ ದಿನಕ್ಕೆ 4 ಓಡಾಟ, ತಿಂಗಳಿಗೆ 120. ಅದರಲ್ಲಿ ಅರ್ಧ ತೂಕ ಹೊತ್ತು, ಎಷ್ಟೋ ಸಲ ಮಬ್ಬುಗತ್ತಲಲ್ಲಿ. ಗಾಡಿ ಕಲಿತು ಎರಡು ತಿಂಗಳಾಗದವರಿಗೆ ಇದು ಸಣ್ಣ ಸವಾರಿಯಲ್ಲ. ಬಿದ್ದು ಮಣಿಕಟ್ಟು ಮುರಿದರೆ ಸುಮಾರು ಆರು ವಾರ ಕೈಗೆ ಪಟ್ಟಿ. ಹಸು ಅಷ್ಟು ದಿನ ಕಾಯುತ್ತದೆಯೇ? ಕರೆಯುವ ಕೈ ಬದಲಾದರೆ ಕೆಲವು ಹಸುಗಳು ಹಾಲನ್ನೇ ಇಳಿಸುವುದಿಲ್ಲ. ಹಾಲು ಕೆಚ್ಚಲಲ್ಲಿ ಉಳಿದರೆ ಬಾವು, ಆಮೇಲೆ ನನಗೆ ಫೋನು.

ಮೊದಲು ಕ್ಯಾನಿನ ಮಾತು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 20 ಲೀಟರ್ ಎಂದರೆ ಹಾಲೇ 20 ಕಿಲೋ ದಾಟುತ್ತದೆ, ಕ್ಯಾನಿನ ತೂಕ ಬೇರೆ. ತುಂಬಿದ ಕ್ಯಾನಿಗಿಂತ ಅರ್ಧ ತುಂಬಿದ ಕ್ಯಾನು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಹಾಲು ಒಳಗೆ ತುಳುಕುತ್ತದೆ. ಬ್ರೇಕ್ ಹಿಡಿದಾಗ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಗಿನ ಕಡೆಗೆ ಎಳೆಯುತ್ತದೆ. ಹಾಗಾಗಿ ದೊಡ್ಡ ಕ್ಯಾನಿನ ತಳದಲ್ಲಿ ಎಂಟು ಲೀಟರ್ ತರುವ ಬದಲು 10 ಲೀಟರ್ ಕ್ಯಾನಿನಲ್ಲಿ ತನ್ನಿ. ಹ್ಯಾಂಡಲ್‌ಗೆ ನೇತುಹಾಕಲೇಬೇಡಿ. ಕಾಲಿಡುವ ಜಾಗದಲ್ಲಿ ನಡುಮಧ್ಯೆ ಇಟ್ಟು, ಅಲುಗದಂತೆ ಕಟ್ಟಿ, ಹೊರಡುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕ್ಯಾನಿಗೆ ತಗುಲಿದರೆ ಆ ಕ್ಯಾನು ಆ ಗಾಡಿಗೆ ಆಗುವುದಿಲ್ಲ.

ಹಾಲಿನೊಂದಿಗೆ ರಸ್ತೆಗಿಳಿಯುವ ಮುಂಚೆ ಕ್ಯಾನಿಗೆ ನೀರು ತುಂಬಿಕೊಂಡು ಶಾಲೆ ಮೈದಾನದಲ್ಲಿ ಒಂದು ವಾರ ಅಭ್ಯಾಸ ಮಾಡಿ. (ಕ್ಯಾನಿಗೆ ನೀರು ಹಾಕಿ ಎಂದು ಒಕ್ಕೂಟದವರು ಹೇಳುವುದು ಇದೊಂದೇ ಕಡೆ.) ಅಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ನಿಲ್ಲಿಸುವುದನ್ನು. ಸ್ಕೂಟರ್‌ನಲ್ಲಿ ಎಕ್ಸಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಬಲಗೈಯಲ್ಲಿವೆ. ಹೊಸಬರು ಗಾಬರಿಯಾದಾಗ ಬಲಗೈ ಬಿಗಿಯಾಗಿ, ಬ್ರೇಕ್ ಹಿಡಿಯುವ ಬದಲು ಎಕ್ಸಲರೇಟರ್ ತಿರುಗಿಬಿಡುತ್ತದೆ. ಗಾಡಿ ಎಗರಿ ಗೋಡೆಗೆ ಹೋಗುವುದು ಹೀಗೆ. ಮೊದಲು ಎಕ್ಸಲರೇಟರ್ ಪೂರ್ತಿ ಬಿಡುವುದು, ಆಮೇಲೆ ಎರಡೂ ಬ್ರೇಕ್ ನಿಧಾನವಾಗಿ ಒತ್ತುವುದು: ಇದನ್ನು ಐವತ್ತು ಸಲ ಮಾಡಿ, ಕೈಗೆ ತಾನಾಗಿ ಬರುವವರೆಗೆ. ನಿಲ್ಲಿಸಲು ಕಾಲು ನೆಲಕ್ಕೆ ಎಳೆಯುವ ಅಭ್ಯಾಸವಿದ್ದರೆ ಅಲ್ಲೇ ಬಿಡಿಸಿಕೊಳ್ಳಿ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಡ್ಡ ಬಂದ ನಾಯಿ ಕಂಡು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಶುಚಿಯಾಗಿ ಕರೆದ ಹಾಲು ಐದು ನಿಮಿಷ ತಡವಾದರೆ ಕೆಡುವುದಿಲ್ಲ. ಕಾರ್ಯದರ್ಶಿ ಗೊಣಗಿದರೆ ಗೊಣಗಲಿ.

ನಮ್ಮ ರಸ್ತೆಗಳಲ್ಲಿ ಪಟ್ಟಣದವರಿಗೆ ತಿಳಿಯದ ಅಪಾಯಗಳಿವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆ ಮೇಲೆ ಹರಡಿರುತ್ತಾರೆ. ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುವುದು ಖಚಿತ. ಅದಕ್ಕೆ ಮುಂಚೆಯೇ ವೇಗ ಇಳಿಸಿ, ನೇರವಾಗಿ ದಾಟಿ, ಧೈರ್ಯ ಸಾಲದಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಇನ್ನೊಂದು ಹಗ್ಗ. ಗೂಟ ರಸ್ತೆಯ ಈ ಕಡೆ, ಮೇಯುವ ಹಸು ಆ ಕಡೆ. ನಡುವಿನ ಹಗ್ಗ ಮಬ್ಬಿನಲ್ಲಿ ಕಾಣುವುದೇ ಇಲ್ಲ. ರಸ್ತೆ ಬದಿ ಹಸು ಕಂಡರೆ ಗೂಟ ಎಲ್ಲಿದೆ ಎಂದು ನೋಡಿ. ನೀವೂ ಹಾಗೆ ಕಟ್ಟಬೇಡಿ.

ಹಸುವಿನ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ನೇರ ಹಿಂಬದಿ ಮಾತ್ರ ಕಾಣದು. ಅಲ್ಲಿಂದ ಹಾರ್ನ್ ಹೊಡೆದರೆ ಬೆದರಿ ಯಾವ ಕಡೆಗಾದರೂ ನೆಗೆಯಬಹುದು. ತಾಯಿ ರಸ್ತೆ ದಾಟಿದರೆ ಕರು ಹಿಂದೆಯೇ ಓಡಿ ಬರುತ್ತದೆ. ಅದು ಬರುವವರೆಗೆ ನಿಂತುಕೊಳ್ಳಿ.

ಸೀರೆ ಸೆರಗು, ವೇಲು ಎರಡನ್ನೂ ಬಿಗಿಯಾಗಿ ಸಿಕ್ಕಿಸಿ. ಹಿಂದೆ ಕೂರುವವರ ಸೆರಗು ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿದುಕೊಂಡು ಜೀವ ಹೋಗಿದ್ದುಂಟು. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇರಲೇಬೇಕೆಂಬುದು ನಿಯಮ, ಹಳೇ ಗಾಡಿ ಕೊಂಡವರು ಅದು ಕಿತ್ತುಹೋಗಿದೆಯೇ ನೋಡಿಕೊಳ್ಳಿ. ಹುಲ್ಲಿನ ಹೊರೆ ಹಿಂದಿನ ದೀಪ ಮುಚ್ಚಬಾರದು, ಕುಡುಗೋಲನ್ನು ಗೋಣಿಚೀಲದಲ್ಲಿ ಸುತ್ತಿ ಹೊರೆಯೊಳಗೆ ಕಟ್ಟಿ. 50 ಕಿಲೋ ಪಶು ಆಹಾರದ ಮೂಟೆಯನ್ನು ಕಾಲ ಬಳಿ ಹಾಕಿಕೊಂಡು, ಹಿಂದೆ ಮಗುವನ್ನೂ ಕೂರಿಸಿಕೊಂಡು ಬರುವವರನ್ನು ಕಂಡಿದ್ದೇನೆ. ಮೂಟೆಗೆ ಆಟೋ ಮಾಡಿ, ದುಡ್ಡು ಹೋದರೂ ಸರಿ. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ನಿಮಗೆ ಸೇರಿಸಿ ಕಟ್ಟುವ ಬೆಲ್ಟ್ ಕಡ್ಡಾಯ, ವೇಗ 40 ದಾಟುವಂತಿಲ್ಲ.

ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇರಬೇಕು. ಪಟ್ಟಿ ಹಾಕದ ಹೆಲ್ಮೆಟ್ ನಿಮಗಿಂತ ಮುಂಚೆ ಹಾರಿಹೋಗುತ್ತದೆ. ಡೇರಿ ಅರ್ಧ ಕಿಲೋಮೀಟರ್ ಇದ್ದರೂ ಹಾಕಿ. ಹಿಂದೆ ಕೂರುವ ಅತ್ತೆಗೂ ಬೇಕು.

ಕೊನೆಯದಾಗಿ ಕಾಗದ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಲೈಸೆನ್ಸ್ ಇಲ್ಲದೆ ಓಡಿಸಿದರೆ ದಂಡವಷ್ಟೇ ಅಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ವಿಮೆಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ, ಅದು ಸಿಗಲು ಓಡಿಸುವಾಗ ನಿಮ್ಮ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಗಾಡಿ ಯಜಮಾನರ ಹೆಸರಿನಲ್ಲಿದ್ದು ಓಡಿಸುವವರು ನೀವಾದರೆ ಈ ರಕ್ಷಣೆ ನಿಮಗೆ ಬರುವುದಿಲ್ಲ. ದಿನಾ ಓಡಿಸುವವರು ನೀವೇ ಆದರೆ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಬಗ್ಗೆ ಇವತ್ತೇ ಮನೆಯಲ್ಲಿ ಮಾತಾಡಿ.