ಕಬ್ಬಿಣವೂ ಜಲಜನಕದ ಬಿಡುಗಡೆಯೂ

ಜಲಜನಕವು ಒಳ್ಳೆಯ ಇಂಧನವೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆಮ್ಲಜನಕದೊಡನೆ ಅದು ಕೂಡಿದಾಗ ಉಂಟಾಗುವುದು ನೀರೊಂದೇ. ತೊಡಕಿರುವುದು ಅದನ್ನು ಕೂಡಿಡುವುದರಲ್ಲಿ. ಅನಿಲವಾಗಿಯೇ ಇಡಬೇಕಾದರೆ ನೂರಾರು ವಾಯುಭಾರದ ಒತ್ತಡವನ್ನು ತಾಳುವ ಉರುಳೆ ಬೇಕು. ದ್ರವವಾಗಿಸಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಬೇಕು. ಆದುದರಿಂದ ಅದನ್ನು ಯಾವುದಾದರೊಂದು ಸಂಯುಕ್ತದಲ್ಲಿ ಬಂಧಿಸಿಟ್ಟು, ಬೇಕಾದಾಗ ಬಿಡಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಹುಟ್ಟಿತು.

ಇದಕ್ಕೆ ಒದಗಿಬಂದ ಸಂಯುಕ್ತಗಳಲ್ಲಿ ಅಮೋನಿಯಾ ಬೋರೇನ್ ಎಂಬುದು ಮುಖ್ಯವಾದುದು. 1955ರಲ್ಲಿ ಅಮೆರಿಕದ ಷೋರ್ ಮತ್ತು ಪ್ಯಾರಿ ಎಂಬ ರಸಾಯನಜ್ಞರು ಇದರ ತಯಾರಿಕೆಯನ್ನು ಪ್ರಕಟಿಸಿದರು. ಇದರ ಅಣುವಿನಲ್ಲಿ ಸಾರಜನಕದ ಒಂದು, ಬೋರಾನಿನ ಒಂದು, ಜಲಜನಕದ ಆರು ಪರಮಾಣುಗಳಿವೆ. ಅಣುತೂಕ ಸುಮಾರು 31. ಅದರಲ್ಲಿ ಜಲಜನಕದ ಪಾಲು 6. ಎಂದರೆ ತೂಕದ ಶೇಕಡ 19.6ರಷ್ಟು ಜಲಜನಕವೇ!

ಈಥೇನ್ ಅಣುವಿನಲ್ಲಿಯೂ ಇದರಲ್ಲಿಯೂ ಎಲೆಕ್ಟ್ರಾನುಗಳ ಸಂಖ್ಯೆ ಒಂದೇ, 18. ಆದರೂ ಈಥೇನ್ ಅನಿಲ. ಇದಾದರೋ ಬಿಳಿಯ ಘನವಸ್ತು. ಭೌತಶಾಸ್ತ್ರವನ್ನು ಬೋಧಿಸುವ ನನಗೆ ಬಹಳ ಮೆಚ್ಚಿಗೆಯಾದ ಸಂಗತಿ ಇದು. ಸಾರಜನಕಕ್ಕೆ ಅಂಟಿದ ಜಲಜನಕದ ಮೇಲೆ ಅಲ್ಪ ಧನವಿದ್ಯುದಂಶವಿದೆ. ಬೋರಾನಿಗೆ ಅಂಟಿದುದರ ಮೇಲೆ ಅಲ್ಪ ಋಣವಿದ್ಯುದಂಶ. ಹೀಗಾಗಿ ನೆರೆಹೊರೆಯ ಅಣುಗಳು ಒಂದನ್ನೊಂದು ಸೆಳೆದು ಹಿಡಿದುಕೊಳ್ಳುತ್ತವೆ. ಸ್ಥಿರವಿದ್ಯುತ್ತಿನ ಪಾಠವನ್ನು ಓದಿದವರಿಗೆ ಇದು ಹೊಸದೇನೂ ಅಲ್ಲ.

ಬಂಧಿಸಿಟ್ಟುದಾಯಿತು, ಬಿಡಿಸುವುದೆಂತು? ಬರಿಯ ಶಾಖದಿಂದ ಮೊದಲ ಮೂರನೆಯ ಒಂದು ಭಾಗ ಸುಮಾರು 100 ಡಿಗ್ರಿಯಲ್ಲಿ ಹೊರಬೀಳುತ್ತದೆ, ಎರಡನೆಯದು 150ರ ಸುಮಾರಿನಲ್ಲಿ. ಕೊನೆಯದಕ್ಕೆ 500 ಡಿಗ್ರಿಗೂ ಮೇಲ್ಪಟ್ಟ ಉಷ್ಣತೆ ಬೇಕು. ನೀರಿನ ಮಾರ್ಗ ಇದಕ್ಕಿಂತ ಸುಲಭ. ಅಮೋನಿಯಾ ಬೋರೇನ್ ನೀರಿನಲ್ಲಿ ಕರಗಿ ಸುಮ್ಮನಿರುತ್ತದೆ. ತಕ್ಕ ಕ್ರಿಯಾವರ್ಧಕವನ್ನು ಸೇರಿಸಿದೊಡನೆ ಜಲಜನಕದ ಗುಳ್ಳೆಗಳು ಏಳುತ್ತವೆ. ಒಂದು ಅಣುವಿಗೆ ಜಲಜನಕದ ಮೂರು ಅಣುಗಳು ದೊರೆಯುತ್ತವೆ; ಇವುಗಳಲ್ಲಿ ಅರ್ಧ ಬೋರಾನಿನ ಕಡೆಯಿಂದ ಬಂದುದು, ಉಳಿದರ್ಧ ನೀರಿನದು. ಸಾರಜನಕದ ಪಾಲು ಅದರ ಬಳಿಯೇ ಉಳಿದು ಅಮೋನಿಯಂ ಆಗುತ್ತದೆ. ಒಂದು ಗ್ರಾಮಿನಿಂದ ಎರಡು ಲೀಟರಿಗೂ ಮಿಕ್ಕ ಅನಿಲ ಸಿಗುವುದೆಂಬುದನ್ನು ವಾಚಕರೇ ಲೆಕ್ಕಹಾಕಿ ನೋಡಬಹುದು.

2006ರಲ್ಲಿ ಜಪಾನಿನ ಚಿಯಾಂಗ್ ಶೂ ಮತ್ತು ಸಂಗಡಿಗರು ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪ್ಲಾಟಿನಂ ಬಹಳ ಚುರುಕು. ಕೋಬಾಲ್ಟ್, ನಿಕ್ಕಲ್, ತಾಮ್ರಗಳೂ ಕೆಲಸಮಾಡಿದವು. ಕಬ್ಬಿಣ ಮಾತ್ರ ನಿಷ್ಕ್ರಿಯವಾಗಿತ್ತು. ಇವೆಲ್ಲವುಗಳಲ್ಲಿ ಅತ್ಯಂತ ಅಗ್ಗವಾದ ಲೋಹವೇ ಕೈಕೊಟ್ಟಿತು! ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿ ಅಮೋನಿಯಾ ಮಾಡುವ ಹೇಬರ್ ವಿಧಾನದಲ್ಲಿ ಶತಮಾನದಿಂದ ದುಡಿಯುತ್ತಿರುವ ಕಬ್ಬಿಣಕ್ಕೆ ಇಲ್ಲಿ ಏನಾಯಿತು?

ಉತ್ತರ 2008ರಲ್ಲಿ ಅದೇ ಪ್ರಯೋಗಶಾಲೆಯಿಂದ ಬಂದಿತು. ಈ ಸಲ ಅವರು ಕಬ್ಬಿಣವನ್ನು ಮೊದಲೇ ಸಿದ್ಧಮಾಡಿಡಲಿಲ್ಲ. ಕಬ್ಬಿಣದ ಲವಣವನ್ನು ಅಮೋನಿಯಾ ಬೋರೇನಿನ ಜೊತೆಗೇ ಇಟ್ಟು, ಸೋಡಿಯಂ ಬೋರೋಹೈಡ್ರೈಡಿನಿಂದ ಆ ಪಾತ್ರೆಯಲ್ಲಿಯೇ ಅಪಕರ್ಷಿಸಿದರು. ಅತಿಸೂಕ್ಷ್ಮ ಕಣಗಳು ಹುಟ್ಟಿ, ಸಾಮಾನ್ಯ ಉಷ್ಣತೆಯಲ್ಲಿಯೇ ಕೆಲವೇ ನಿಮಿಷಗಳಲ್ಲಿ ಜಲಜನಕವೆಲ್ಲ ಹೊರಬಂದಿತು; ಅವುಗಳ ಚುರುಕು ಪ್ಲಾಟಿನಮ್ಮಿಗೆ ಸರಿದೊರೆಯಾಗಿತ್ತು. ಕ್ಷಕಿರಣಗಳಿಂದ ನೋಡಿದಾಗ ಈ ಕಣಗಳಿಗೆ ಸ್ಫಟಿಕರಚನೆ ಇಲ್ಲವೆಂದು ತಿಳಿದುಬಂದಿತು. ಸ್ಫಟಿಕದಲ್ಲಿ ಪರಮಾಣುಗಳು ಶಿಸ್ತಿನಿಂದ ಸಾಲುಗೂಡಿ, ನೆರೆಯವುಗಳೊಡನೆ ತೃಪ್ತವಾಗಿರುತ್ತವೆ. ಶಿಸ್ತಿಲ್ಲದ ರಾಶಿಯ ಹೊರಮೈಯಲ್ಲಾದರೋ ಬಂಧ ಪೂರ್ಣವಾಗದ ಪರಮಾಣುಗಳು ಹೆಚ್ಚು; ಕ್ರಿಯೆ ನಡೆಯುವುದು ಅಲ್ಲಿಯೇ. ಧಾತು ಒಂದೇ, ಜೋಡಣೆ ಬೇರೆ. ಕೆಲಸ ಮುಗಿದ ಬಳಿಕ ಇವನ್ನು ಅಯಸ್ಕಾಂತದಿಂದ ಒಟ್ಟುಗೂಡಿಸಬಹುದೆಂಬುದು ಪ್ಲಾಟಿನಮ್ಮಿಗಿಲ್ಲದ ಅನುಕೂಲ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರ್ದಾರರೂ ಸಹೋದ್ಯೋಗಿಗಳೂ ಕೋಬಾಲ್ಟ್, ನಿಕ್ಕಲ್, ತಾಮ್ರದ ಲವಣಗಳಿಂದ ಇದೇ ಕ್ರಿಯೆಯನ್ನು ನಡೆಸಿ ವರದಿಮಾಡಿದರು.

ಇನ್ನು ಅಡಚಣೆಗಳು. ನೀರಿನ ತೂಕವನ್ನೂ ಸೇರಿಸಿದರೆ 19.6 ಎಂಬುದು ಲೆಕ್ಕದಲ್ಲಿಯೇ ಸುಮಾರು 9ಕ್ಕೆ ಇಳಿಯುತ್ತದೆ. ಕರಗಿಸಲು ಬೇಕಾದ ಹೆಚ್ಚಿನ ನೀರಿನಿಂದ ಇನ್ನೂ ಕಡಮೆ. ಅಮೋನಿಯಾ ಆವಿ ಬೆರೆತರೆ ಇಂಧನ ಕೋಶ ಕೆಡುತ್ತದೆ. ಕಬ್ಬಿಣದ ಕಣಗಳಿಗೆ ಗಾಳಿಯಲ್ಲಿ ತುಕ್ಕಿನ ಭಯವುಂಟು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಕೊನೆಗೆ ಉಳಿಯುವ ಬೋರೇಟಿನಲ್ಲಿ ಬೋರಾನು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಬಿಡಿಸಿ ಮತ್ತೆ ಅಮೋನಿಯಾ ಬೋರೇನ್ ಮಾಡಲು ಬಹಳ ಶಕ್ತಿ ವ್ಯಯವಾಗುತ್ತದೆ. ಶಾಖದ ಮಾರ್ಗದಲ್ಲಿ ಉಳಿದ ವಸ್ತುವನ್ನು ದ್ರವ ಅಮೋನಿಯಾದಲ್ಲಿ ಹೈಡ್ರಜೀನಿನಿಂದ ಮರಳಿ ಮೊದಲಿನಂತೆ ಮಾಡಬಹುದೆಂದು 2011ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಶಾಲೆಯವರು ತೋರಿಸಿದರು. ಆದರೆ ಹೈಡ್ರಜೀನ್ ವಿಷಪದಾರ್ಥ, ಬೆಲೆಯೂ ಹೆಚ್ಚು.